ಎಡಗಾಲಿಗೆ ನೀಲಿ, ಬಲಗಾಲಿಗೆ ಕೆಂಪು

ಫೋರ್ಟ್

ಮಾಲ್ದೀವ್ಸಿಗೆ ಹೋಗಿ ಬಂದವರನ್ನು ಜನ ಹೋಟೆಲು ಹೇಗಿತ್ತು, ಮರಳು ಎಷ್ಟು ಬೆಳ್ಳಗಿತ್ತು ಎಂದು ಕೇಳುತ್ತಾರೆ. ನನ್ನನ್ನು ಕೇಳಿದವರಿಗೆ ನಾನು ನನ್ನ ಕಾಲಿನ ಕಥೆ ಹೇಳತೊಡಗುತ್ತೇನೆ, ಅವರು ಅರ್ಧಕ್ಕೇ ಎದ್ದು ಹೋಗುತ್ತಾರೆ. ಇಲ್ಲಿ ನೀವು ಎದ್ದು ಹೋದರೂ ನನಗೆ ಕಾಣುವುದಿಲ್ಲ. ಹಾಗಾಗಿ ಪೂರ್ತಿ ಹೇಳುತ್ತೇನೆ.

ನನಗೆ ಐವತ್ಮೂರು ವರ್ಷ. ಮನೆ ವಡಾಲದಲ್ಲಿ, ಕೆಲಸ ಫೋರ್ಟಿನ ಒಂದು ವಿಮಾ ಕಚೇರಿಯಲ್ಲಿ. ಆರು ವರ್ಷದ ಹಿಂದೆ ಲೋಕಲ್ ರೈಲು ಪೂರ್ತಿ ನಿಲ್ಲುವ ಮೊದಲೇ ಇಳಿಯಲು ಹೋಗಿ ಬಲಪಾದದ ಗಂಟು ಮುರಿದುಕೊಂಡೆ. ಮೂಳೆ ಕೂಡಿತು, ನಡಿಗೆ ಮಾತ್ರ ಸ್ವಲ್ಪ ಬಲಕ್ಕೆ ವಾಲಿತು. ಈಜಿದರೆ ಒಳ್ಳೆಯದು ಎಂದರು ಡಾಕ್ಟರು. ಒಬ್ಬಳೇ ಹೋಗಲು ನಾಚಿಕೆ, ಅದಕ್ಕೆ ನನ್ನ ಓರಗಿತ್ತಿ ಮಹಾದೇವಿಯನ್ನು ಎಳೆದೆ. ಅವಳು ಹುಬ್ಬಳ್ಳಿ ಕಡೆಯವಳು. ನನ್ನ ಮೈದುನ ಆಫೀಸಿನಲ್ಲಿ ಪರಿಚಯವಾಗಿ, ಪ್ರೀತಿಸಿ ಮದುವೆಯಾದ. ನಾವು ಉಡುಪಿಯವರು, ಮೀನಿಲ್ಲದೆ ಊಟ ಇಳಿಯದವರು. ಅವಳು ಮೀನು ಹುರಿದರೆ ನಾಲ್ಕೂ ಕಿಟಕಿ ತೆರೆದಿಡುವವಳು. ಇಪ್ಪತ್ತೈದು ವರ್ಷದಿಂದ ಹೀಗೆಯೇ ಚೆನ್ನಾಗಿದ್ದೇವೆ.

ಅವಳ ಮನೆ ಇರುವ ಭಾಂಡುಪ್‌ನ ಈಜುಕೊಳದಲ್ಲಿ ನಾವಿಬ್ಬರೂ ಕೈಕಾಲು ಬಡಿಯುತ್ತಿದ್ದಾಗ ಒಂದು ಭಾನುವಾರ ಆಳದ ತುದಿಯಲ್ಲಿ ನಾಲ್ಕು ಜನ ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ನೀರಿನ ತಳದಲ್ಲಿ ಪದ್ಮಾಸನ ಹಾಕಿ ಕೂತಿದ್ದು ಕಂಡಿತು. ಮಹಾದೇವಿ ಕೊಳದ ಅಂಚು ಹಿಡಿದು ಬಹಳ ಹೊತ್ತು ನೋಡಿದಳು.

"ಅಕ್ಕಾರ, ಅಲ್ಲಿ ಕುಂತರ ಯಾರೂ ಕರಿಯೂದಿಲ್ಲ ನೋಡ್ರಿ" ಎಂದಳು.

ನಾವು ಸ್ಕೂಬಾ ಕಲಿಯಲು ಸೇರಿದ್ದಕ್ಕೆ ಇದಕ್ಕಿಂತ ದೊಡ್ಡ ಕಾರಣ ಏನೂ ಇಲ್ಲ. ಪಾಠ ಮತ್ತು ಕೊಳದ ಅಭ್ಯಾಸ ಇಲ್ಲೇ. ಮುಂಬೈಯ ಸಮುದ್ರದಲ್ಲಿ ನಮ್ಮ ಕೈ ನಮಗೇ ಕಾಣದ್ದರಿಂದ ಕೊನೆಯ ನಾಲ್ಕು ಡೈವ್ ಮಾಲ್ದೀವ್ಸಿನಲ್ಲಿ. ಅಲ್ಲಿಯ ಶಿಕ್ಷಕರು ಒಪ್ಪಿ ಸಹಿ ಹಾಕಿದರೆ ಪ್ರಮಾಣಪತ್ರ. ಗಂಡಂದಿರನ್ನು ಕರೆದೆವು. ನನ್ನವರು ಫೋರ್ಟಿನಲ್ಲೇ ಒಂದು ಉಡುಪಿ ಹೋಟೆಲಿನ ಮ್ಯಾನೇಜರು. "ನೀರಿಗೆ ಬೀಳ್ಲಿಕ್ಕೆ ಅಷ್ಟು ದೂರ ಎಂತಕ್ಕೆ?" ಎಂದು ಕೇಳಿ ಗಲ್ಲಾಪೆಟ್ಟಿಗೆಯ ಕಡೆ ತಿರುಗಿಬಿಟ್ಟರು. ಅವರ ತಮ್ಮನೂ ಅದೇ ಮಾತು ಹೇಳಿದ.

ಮಾಸ್ಕು, ಸಿಲಿಂಡರು ಎಲ್ಲ ಅಲ್ಲಿಯೇ ಕೊಡುತ್ತಾರೆ, ಆದರೆ ಕಾಲಿಗೆ ತೊಡುವ ಫಿನ್ ಮಾತ್ರ ಸ್ವಂತದ್ದಿದ್ದರೆ ಒಳ್ಳೆಯದು ಎಂದು ನಮ್ಮ ಕೊಳದ ಮೇಷ್ಟ್ರು ಹೇಳಿದ್ದರು. ಫಿನ್ ಎಂದರೆ ಬಾತುಕೋಳಿಯ ಪಾದದಂಥದ್ದು, ನೀರನ್ನು ಹಿಂದಕ್ಕೆ ತಳ್ಳುವ ರಬ್ಬರಿನ ರೆಕ್ಕೆ. ಆಫೀಸು ಬಿಟ್ಟ ಮೇಲೆ ನಾವಿಬ್ಬರೂ ಫೋರ್ಟಿನ ಒಂದು ಗಲ್ಲಿಯ ಆಟದ ಸಾಮಾನಿನ ಅಂಗಡಿಗೆ ಹೋದೆವು. ಅಂಗಡಿಯ ಶೇಠ್‌ಗೆ ಎಪ್ಪತ್ತರ ಮೇಲೆ ವಯಸ್ಸು. ಅವರು ನನ್ನನ್ನು ಉದ್ದ ಬೆಂಚಿನ ಮೇಲೆ ಬೋರಲು ಮಲಗಿಸಿ, ಫಿನ್ ತೊಡಿಸಿ, ಕಾಲು ಆಡಿಸಿ ಎಂದರು. ಹಿಮ್ಮಡಿ ಜಾರಬಾರದು, ಬೆರಳು ಮಡಚಬಾರದು, ಗಂಟು ನೋಯಬಾರದು, ಮೂರೇ ಪರೀಕ್ಷೆ. ಕೇರಂ ಪೌಡರ್ ಕೊಳ್ಳಲು ಬಂದವರೊಬ್ಬರು ನನ್ನನ್ನು ನೋಡಿ, ಬಾಯಿಗೆ ಸ್ವಲ್ಪ ನೀರು ಹಾಕಿ ಎಂದು ಮಹಾದೇವಿಗೆ ಹೇಳಿದರು.

ಶೇಠ್ ನನಗೆ ಕೊಟ್ಟಿದ್ದು ಕಪ್ಪನೆಯ, ಗಿಡ್ಡ, ಮೆತ್ತಗಿನ ಫಿನ್. ಮೂರು ಪರೀಕ್ಷೆಯಲ್ಲೂ ಪಾಸು. ಅಷ್ಟರಲ್ಲಿ ಗೋಡೆಯ ಮೇಲೆ ನಿಂಬೆಹಣ್ಣಿನ ಬಣ್ಣದ ಒಂದು ಜೋಡಿ ಕಂಡಿತು. ಉದ್ದ, ನೀಳ, ಗಟ್ಟಿ. ಅದು ಹೊಸಬರಿಗೆ ಭಾರ, ಕಾಲಲ್ಲಿ ಶಕ್ತಿ ಬೇಕು, ನಿಮಗೆ ಗಂಟಿನ ತೊಂದರೆ ಏನಾದರೂ ಇದೆಯೇ ಎಂದು ಶೇಠ್ ನೇರವಾಗಿ ಕೇಳಿದರು. ಇಲ್ಲ ಎಂದೆ. ಮಹಾದೇವಿ ನನ್ನ ಮುಖ ನೋಡಿದಳು. ನಾನು ಕನ್ನಡಿ ನೋಡಿದೆ.

ಆರು ವರ್ಷದಿಂದ ನನ್ನ ಕಾಲಿಗೆ ಬಂದದ್ದೆಲ್ಲ ಡಾಕ್ಟರು ಆರಿಸಿದ್ದು: ಅಗಲ, ಚಪ್ಪಟೆ, ಕಪ್ಪು, ಬೆಲ್ಟಿನದು. ಮಹಾದೇವಿಯ ಮಗಳ ಮದುವೆಯಲ್ಲಿ ರೇಷ್ಮೆ ಸೀರೆಯ ಕೆಳಗೆ ಅದನ್ನೇ ತೊಟ್ಟಿದ್ದೆ. ಚಂದಕ್ಕೆಂದು ಕಾಲಿಗೆ ಏನಾದರೂ ಕೊಳ್ಳಬಹುದೆಂಬುದೇ ಮರೆತುಹೋಗಿತ್ತು. ಹಳದಿ ಜೋಡಿಯನ್ನೇ ಕಟ್ಟಿಸಿದೆ. ಮಹಾದೇವಿ ಮೆತ್ತಗಿನ ಕಪ್ಪು ಕೊಂಡಳು.

ಕಾಟನ್ ಗ್ರೀನ್

ನನ್ನ ಫಿನ್ ಯಾವ ಚೀಲದಲ್ಲೂ ಪೂರ್ತಿ ಹಿಡಿಸಲಿಲ್ಲ. ಹಾರ್ಬರ್ ಲೈನಿನ ಲೇಡೀಸ್ ಡಬ್ಬಿಯಲ್ಲಿ ಅದರ ತುದಿ ಎಲ್ಲರ ಭುಜಕ್ಕೂ ತಾಗುತ್ತಿತ್ತು. ಎದುರಿನ ಹೆಂಗಸು ಅದೇನು ಎಂದು ಮರಾಠಿಯಲ್ಲಿ ಕೇಳಿದಳು. ಸಮುದ್ರದ ತಳಕ್ಕೆ ಹೋಗಲು ಎಂದೆ. ಅವಳು ಪಕ್ಕದವಳಿಗೆ ಹೇಳಿದಳು, ಪಕ್ಕದವಳು ಬಾಗಿಲಲ್ಲಿ ನಿಂತವಳಿಗೆ. ಡಾಕ್‌ಯಾರ್ಡ್ ರೋಡ್ ದಾಟುವಷ್ಟರಲ್ಲಿ ಫಿನ್ ಡಬ್ಬಿಯ ಆ ತುದಿಗೆ ಹೋಗಿತ್ತು. ಕಾಟನ್ ಗ್ರೀನ್‌ನಲ್ಲಿ ನೋಡುತ್ತೇನೆ, ಒಬ್ಬಾಕೆ ಅದರಿಂದ ತನ್ನ ಅತ್ತೆಗೆ ಗಾಳಿ ಹಾಕುತ್ತಿದ್ದಾಳೆ. ನನ್ನ ಸ್ಟೇಷನ್ ಬಂದಾಗ ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿ ಎರಡೂ ಭದ್ರವಾಗಿ ನನ್ನ ಬಳಿಗೆ ಬಂದವು. ಕೊನೆಗೆ ಕೊಟ್ಟವಳು, ತಳದಲ್ಲಿ ಏನು ಕಂಡಿತೆಂದು ಬಂದು ಹೇಳಿ, ನಾನು ದಿನಾ ಇದೇ ಗಾಡಿ, ಎಂದಳು.

ಭಾಂಡುಪ್

ಕೊಳದ ನಿಂತ ನೀರಿನಲ್ಲಿ ಹಳದಿ ಫಿನ್ ನನ್ನನ್ನು ರಾಣಿಯಂತೆ ಒಯ್ಯಿತು. ಎರಡೇ ಒದೆತಕ್ಕೆ ಆಚೆ ತುದಿ. ದಡದಲ್ಲಿ ಮಾತ್ರ ತೊಂದರೆ. ಫಿನ್ ತೊಟ್ಟವರು ಮುಂದಕ್ಕೆ ನಡೆದರೆ ಮುಗ್ಗರಿಸುತ್ತಾರೆ, ಹಿಂದಕ್ಕೇ ನಡೆಯಬೇಕು. ನಾನು ಗತ್ತಿನಿಂದ ಹಿಂದೆ ಹಿಂದೆ ನಡೆದು ಮೇಷ್ಟ್ರ ಊಟದ ಡಬ್ಬಿಯ ಮೇಲೆ ಕೂತೆ. ಪಾಪ, ಡಬ್ಬಿ ಪ್ಲಾಸ್ಟಿಕ್ಕಿನದು. ಆ ದಿನ ಅವರು ಮಹಾದೇವಿ ತಂದ ರೊಟ್ಟಿ ತಿಂದರು.

ಮನೆಗೆ ಬಂದ ಮೇಲೆ ಗಂಟು ಊದಿತ್ತು. ಬಿಸಿನೀರಲ್ಲಿ ಕಾಲಿಟ್ಟು ಕೂತೆ. ಯಾರಿಗೂ ಹೇಳಲಿಲ್ಲ.

ದ್ವೀಪ

ದೊಡ್ಡ ರೆಸಾರ್ಟಿಗೆ ಅಲ್ಲ, ಊರಿನವರೇ ಇರುವ ಒಂದು ಸಣ್ಣ ದ್ವೀಪಕ್ಕೆ ಹೋದೆವು. ಆ ತುದಿಯಿಂದ ಈ ತುದಿಗೆ ನಡೆಯಲು ವಡಾಲ ಸ್ಟೇಷನ್ನಿನಿಂದ ನಮ್ಮ ಬಿಲ್ಡಿಂಗಿಗೆ ನಡೆಯುವಷ್ಟೇ ಹೊತ್ತು ಸಾಕು. ಬೆಳಗಾದರೆ ಹೆಂಗಸರು ಮರಳಿನ ಬೀದಿಯನ್ನೇ ಗುಡಿಸುತ್ತಾರೆ. ಗುಡಿಸಿದ ಗೀರು ಎಷ್ಟು ಚಂದ ಇರುತ್ತಿತ್ತೆಂದರೆ ಅದರ ಮೇಲೆ ಕಾಲಿಡಲು ನಮಗೆ ಸಂಕೋಚ. ಬೀದಿಯ ಬದಿಯಲ್ಲಿ ಕಬ್ಬಿಣದ ಚೌಕಟ್ಟಿಗೆ ಬಲೆ ಕಟ್ಟಿದ ಕುರ್ಚಿಗಳಿರುತ್ತವೆ. ಸಂಜೆ ಊರೆಲ್ಲ ಅದರಲ್ಲಿ ಜೋತುಬಿದ್ದು ಮಾತಾಡುತ್ತದೆ. ಮಹಾದೇವಿ ಮೊದಲ ಸಂಜೆ ಅದರಲ್ಲಿ ಕೂತಳು, ಏಳಲಾಗಲಿಲ್ಲ. ಇಬ್ಬರು ಹೆಂಗಸರು ಬಂದು ಎತ್ತಬೇಕಾಯಿತು. ಎತ್ತಿದವರು ನಗುತ್ತ ಮತ್ತೆ ಕೂರಿಸಿದರು, ಹೇಗೆ ಏಳಬೇಕೆಂದು ಕಲಿಸಲು.

ತೆಂಗಿನಕಾಯಿ ತುರಿ, ಈರುಳ್ಳಿ, ಮೆಣಸು, ಜತೆಗೆ ಟ್ಯೂನಾ ಮೀನು ಎಲ್ಲ ಕಿವುಚಿ ಚಪಾತಿಯಂಥ ರೊಟ್ಟಿಯೊಂದಿಗೆ ಬೆಳಗಿನ ತಿಂಡಿಗೇ ಕೊಡುತ್ತಾರೆ. ನಾನು ಸ್ವರ್ಗದಲ್ಲಿದ್ದೆ. ಮಹಾದೇವಿ ತನ್ನ ಚೀಲದಿಂದ ಶೇಂಗಾ ಚಟ್ನಿ ತೆಗೆದಳು. ಅತಿಥಿಗೃಹದ ಯಜಮಾನತಿ ಅದರ ರುಚಿ ನೋಡಿ ಅರ್ಧ ಡಬ್ಬಿ ಮಾತಾಡದೆ ಒಳಗೆ ಒಯ್ದಳು. ಮರುದಿನದಿಂದ ಮಹಾದೇವಿಗೆ ಮೀನಿಲ್ಲದ ತಿಂಡಿ ಬೇರೆಯಾಗಿ ಬಂತು.

ನಮ್ಮ ಶಿಕ್ಷಕಿ ಆಯಿಷತ್. ಮೂವತ್ತರ ಆಸುಪಾಸು, ತಲೆಗೆ ಬಿಗಿಯಾದ ಕಪ್ಪು ವಸ್ತ್ರ, ಸಿನಿಮಾ ನೋಡಿ ಕಲಿತ ಹಿಂದಿ. ಸಮುದ್ರದ ಕಟ್ಟೆಯ ಬದಿಗೆ ನಿಂತಿದ್ದ ಮರದ ಹಡಗು ತೋರಿಸಿ, ನಾವು ಇದಕ್ಕೆ ದೋಣಿ ಎನ್ನುತ್ತೇವೆ ಎಂದು ವಿವರಿಸಿದಳು. ನಾವೂ ದೋಣಿ ಎಂದೇ ಅನ್ನುತ್ತೇವೆ ಎಂದಾಗ ಅವಳು ನಂಬಲಿಲ್ಲ. ನಮ್ಮಿಬ್ಬರನ್ನೂ ದೂರ ದೂರ ನಿಲ್ಲಿಸಿ ಕಿವಿಯಲ್ಲಿ ಬೇರೆ ಬೇರೆಯಾಗಿ ಕೇಳಿ ನೋಡಿದಳು.

ಮೊದಲ ಎರಡು ಡೈವ್

ದ್ವೀಪದ ಒಳಭಾಗದ ನೀರು ಶಾಂತ. ಇಳಿದದ್ದೇ ತಡ, ನನ್ನ ಕುಂಟು ಹೋಯಿತು. ಅಲ್ಲಿ ವಾಲಲು ನೆಲವೇ ಇಲ್ಲವಲ್ಲ. ಐವತ್ತು ದಾಟಿದ ಹೆಂಗಸು ಹೊಟ್ಟೆ ಮೇಲಾಗಿ, ಬೆನ್ನು ಮೇಲಾಗಿ, ಬೇಕಾದ ಹಾಗೆ ಉರುಳಬಹುದು. ಉರುಳಿದೆ. ಒಂದು ಗಿಣಿಬಣ್ಣದ ಮೀನು ಹವಳವನ್ನು ಕಟಕಟನೆ ಕಡಿಯುವ ಸದ್ದು ಕೇಳಿತು, ನಮ್ಮ ಮಾವ ಚಕ್ಕುಲಿ ತಿನ್ನುವಾಗ ಬರುತ್ತಿದ್ದಂಥದ್ದೇ ಸದ್ದು.

ಮಹಾದೇವಿಗೆ ಖುಷಿ ತಡೆಯಲಾಗದೆ ಹೆಬ್ಬೆರಳು ಎತ್ತಿದಳು. ನೀರಿನೊಳಗೆ ಹೆಬ್ಬೆರಳಿಗೆ ಚೆನ್ನಾಗಿದೆ ಎಂಬ ಅರ್ಥವಿಲ್ಲ, ಮೇಲೆ ಹೋಗೋಣ ಎಂದರ್ಥ. ಆಯಿಷತ್ ಕೂಡಲೇ ನಮ್ಮಿಬ್ಬರನ್ನೂ ಮೇಲೆ ತಂದು, ಏನಾಯಿತು ಎಂದು ಕೇಳಿದಳು. ಏನೂ ಇಲ್ಲ, ಬಹಳ ಚೆನ್ನಾಗಿದೆ ಎಂದು ಮಹಾದೇವಿ ಹೇಳಿದಳು. ಮತ್ತೆ ಇಳಿದೆವು. ಐದು ನಿಮಿಷಕ್ಕೆ ಆಮೆ ಕಂಡಿತು. ಮತ್ತೆ ಹೆಬ್ಬೆರಳು. ಮತ್ತೆ ಮೇಲೆ.

ದೋಣಿಯಲ್ಲಿ ಚಹಾ ಕುಡಿಯುವಾಗ ಮೀನುಗಳು ಅವಳ ಸುತ್ತ ಮಾತ್ರ ಯಾಕೆ ಸುತ್ತುತ್ತವೆ ಎಂದು ನಾನು ಬೇಸರದಿಂದ ಕೇಳಿದೆ.

"ನಾ ಅವರ ಪೈಕಿ ಯಾರನ್ನೂ ತಿಂದಿಲ್ಲ, ಅದಕ್ಕ ಹೆದರೂದಿಲ್ಲ" ಎಂದಳು. "ನೀವು ಸ್ವಲ್ಪ ಹಿಂದ ಇರ್ರಿ ಅಕ್ಕಾರ. ನಿಮ್ಮ ಗುರುತು ಹತ್ತೇದ ಅವಕ್ಕ."

ನಗುತ್ತ ಎದ್ದು ನಿಂತಾಗ ಬಲಗಾಲು ಊರಲಾಗಲಿಲ್ಲ. ಮಡಚಿದ ಟವೆಲಿನ ಕೆಳಗೆ ಅದನ್ನು ಮುಚ್ಚಿಟ್ಟೆ.

ಮೂರನೆಯ ಡೈವ್

ಮೂರನೆಯದು ಹೊರಗಿನ ಹವಳದ ಗೋಡೆಯ ಉದ್ದಕ್ಕೂ. ಹನ್ನೆರಡು ಮೀಟರ್ ಆಳ, ಜತೆಗೆ ನೀರಿನ ಎದುರು ಸೆಳೆತ. ದೊಡ್ಡದೇನಲ್ಲ, ಆದರೆ ಕಾಲು ಆಡಿಸುತ್ತಲೇ ಇರಬೇಕು. ಹಳದಿ ಫಿನ್ನಿನ ಗಟ್ಟಿ ಹಲಗೆಗೆ ಪ್ರತಿ ಒದೆತಕ್ಕೂ ನೀರು ಗೋಡೆಯಂತೆ ಎದುರಾಯಿತು, ಆ ಭಾರವೆಲ್ಲ ಗಂಟಿಗೆ ಬಂತು. ನಾನು ಹಲ್ಲು ಕಚ್ಚಿ ಒದ್ದೆ. ಮುಂದೆ ಆಯಿಷತ್, ಅವಳ ಬದಿಗೆ ಮಹಾದೇವಿ, ಅವಳ ಸುತ್ತ ಎಂದಿನಂತೆ ಮೀನಿನ ಬಳಗ. ಅಷ್ಟರಲ್ಲಿ ಮೀನಖಂಡ ಕಲ್ಲಿನ ಹಾಗೆ ಗಟ್ಟಿಯಾಗಿ ಹಿಡಿದುಕೊಂಡಿತು.

ಕೂಗಲು ಬಾಯಲ್ಲಿ ಕೊಳವೆ. ಕೊಳದಲ್ಲಿ ಕಲಿತಂತೆ ಫಿನ್ನಿನ ತುದಿ ಹಿಡಿದು ನನ್ನತ್ತ ಎಳೆದೆ. ಉದ್ದ ಹಲಗೆ ಸನ್ನೆಗೋಲಿನಂತೆ ಗಂಟನ್ನು ತಿರುಚಿತು, ಕಣ್ಣಲ್ಲಿ ನಕ್ಷತ್ರ. ಅವರಿಬ್ಬರೂ ನೀಲಿಯೊಳಗೆ ಸಣ್ಣಗಾಗುತ್ತ ಹೋದರು. ನಾನು ನಿಧಾನಕ್ಕೆ ಕೆಳಗಿನ ಮರಳಿಗೆ ಇಳಿದು ಕೂತೆ. ನನ್ನ ಉಸಿರಿನ ಸದ್ದು ನನಗೇ ಹೆದರಿಕೆ ಹುಟ್ಟಿಸುವಷ್ಟು ಜೋರಾಯಿತು. ಇಲ್ಲಿ ಯಾರೂ ಕರೆಯುವುದಿಲ್ಲ ಎಂಬುದು ಆಗ ಬಹಳ ಕೆಟ್ಟ ವಿಷಯವಾಗಿ ಕಂಡಿತು. ಎಷ್ಟು ಹೊತ್ತೋ, ಪ್ರಾಯಶಃ ಒಂದು ನಿಮಿಷ. ಲೆಕ್ಕಕ್ಕೆ ಸಿಗುವಂಥ ನಿಮಿಷವಲ್ಲ ಅದು.

ಮೊದಲು ಹಿಂದೆ ತಿರುಗಿದವಳು ಮಹಾದೇವಿ. ಅಷ್ಟು ವೇಗವಾಗಿ ಅವಳು ಈಜಿದ್ದನ್ನು ಅದಕ್ಕೆ ಮುಂಚೆಯೂ ನೋಡಿಲ್ಲ, ಆಮೇಲೂ ನೋಡಿಲ್ಲ. ಬಂದವಳೇ ನನ್ನ ಕಣ್ಣನ್ನು ಮಾಸ್ಕಿನ ಮೂಲಕ ನೋಡಿದಳು, ಫಿನ್ನಿನ ಬೆಲ್ಟು ಬಿಚ್ಚಿ ಅದನ್ನು ಕಳಚಿ ಕಂಕುಳಲ್ಲಿ ಇಟ್ಟುಕೊಂಡಳು, ಜೋಳದ ಹಿಟ್ಟು ನಾದುವಂತೆ ಮೀನಖಂಡವನ್ನು ಅಂಗೈಯಿಂದ ನಾದಿದಳು. ಕಲ್ಲು ಕರಗಿತು. ಆಯಿಷತ್ ಬಂದು ನನ್ನ ಗಾಳಿಯ ಮೀಟರ್ ನೋಡಿದಳು, ಒಂದು ಕೈ ನನ್ನ ತೋಳಿಗೆ ಕೊಟ್ಟು ಬಹಳ ನಿಧಾನವಾಗಿ ಮೇಲೆ ತಂದಳು.

ದೋಣಿಯಲ್ಲಿ ಆಯಿಷತ್ ಕೇಳಿದಳು. ಬರೀ ಸ್ನಾಯು ಸೆಳೆತ, ಈಗ ಸರಿಯಾಯಿತು ಎಂದು ನಾನು ಹಿಂದಿಯಲ್ಲಿ ಹೇಳುತ್ತಿದ್ದೆ. ಮಹಾದೇವಿ ತಲೆ ಒರೆಸಿಕೊಳ್ಳುವುದನ್ನು ನಿಲ್ಲಿಸಿ ನನ್ನೆದುರು ಬಂದು ಕೂತಳು.

"ಅಕ್ಕಾರ, ಸುಳ್ಳ ಹೇಳಬ್ಯಾಡ್ರಿ. ಅಂಗಡ್ಯಾಗ ಹೇಳಿದ್ರಿ, ನಾ ಸುಮ್ಮನಿದ್ದೆ. ಅದು ನಂದ ತಪ್ಪು." ಅವಳು ಟವೆಲಿನಿಂದ ಕಣ್ಣೊರೆಸಿಕೊಂಡಳು. "ತಿರುಗಿ ನೋಡಿದ್ರ ನೀವ ಇಲ್ಲ. ಮನಿಗೆ ಹೋಗಿ ಭಾವಾರಿಗೆ ಏನಂತ ಹೇಳ್ಲಿ ನಾನು?"

ಅವಳು ನನ್ನೆದುರು ಅತ್ತದ್ದು ಅದೇ ಮೊದಲು. ನಾನು ಟವೆಲ್ ಸರಿಸಿ ಊದಿದ ಕಾಲು ತೋರಿಸಿದೆ. ಆರು ವರ್ಷದ ಹಿಂದಿನ ಪ್ಲಾಟ್‌ಫಾರ್ಮಿನಿಂದ ಹಿಡಿದು ಎಲ್ಲವನ್ನೂ ಆಯಿಷತ್‌ಗೆ ಹೇಳಿದೆ. ಡೈವ್ ಮಾಡಬಹುದೆಂದು ಡಾಕ್ಟರು ಬರೆದುಕೊಟ್ಟದ್ದು ನಿಜ, ಆದರೆ ಈ ಫಿನ್ನಿನಿಂದ ನೋವೆಂದು ನಾನು ಯಾರಿಗೂ ಹೇಳಿರಲಿಲ್ಲ. ಆಯಿಷತ್ ಬೈಯಲಿಲ್ಲ. ಸಹಿ ಈಗ ಇಲ್ಲ, ನಾಳೆ ಪೂರ್ತಿ ವಿಶ್ರಾಂತಿ, ನಾಡಿದ್ದು ಬೆಳಿಗ್ಗೆ ಕಟ್ಟೆಗೆ ಬಾ, ಕಾಲು ನೋಡಿ ಹೇಳುತ್ತೇನೆ ಎಂದಳು.

ಫಿನ್ನಿನ ಪೆಟ್ಟಿಗೆ

ವಿಶ್ರಾಂತಿಯ ಮರುದಿನ ಬೆಳಿಗ್ಗೆ ಆಯಿಷತ್ ಕಟ್ಟೆಯ ಮೇಲೆ ಒಂದು ದೊಡ್ಡ ಪೆಟ್ಟಿಗೆ ಬೋರಲು ಹಾಕಿದಳು. ಯಾರೋ ಬಿಟ್ಟುಹೋದ, ಬಾಡಿಗೆಗೆ ಕೊಡುವ, ಸವೆದ, ಹೊಸ, ಎಲ್ಲ ಬಗೆಯ ಫಿನ್ನುಗಳು. ನನ್ನನ್ನು ಕೂರಿಸಿ ಪಾದವನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಗಂಟನ್ನು ಒತ್ತಿ ನೋಡಿದಳು. ಊತ ಇಳಿದಿತ್ತು, ಆದರೂ ಬಲಗಾಲು ಎಡಗಾಲಿಗಿಂತ ದಪ್ಪ. ಅದು ಯಾವಾಗಲೂ ಹಾಗೆಯೇ ಎಂದೆ. ಮೆತ್ತಗಿನ ಗಿಡ್ಡ ಫಿನ್ನುಗಳನ್ನಷ್ಟೇ ಬೇರೆ ಮಾಡಿದಳು.

ನೀಲಿ ಜೋಡಿ ಎಡಗಾಲಿಗೆ ಹೇಳಿ ಮಾಡಿಸಿದಂತಿತ್ತು, ಬಲಗಾಲನ್ನು ಹಿಂಡಿತು. ಒಂದು ಅಳತೆ ದೊಡ್ಡದಾದ ಕೆಂಪು ಜೋಡಿ ಬಲಗಾಲಿಗೆ ಹಿತವಾಗಿತ್ತು. ಸರಿ, ಇದೇ ಆಯಿತು ಎಂದು ನೀರಿಗೆ ಇಳಿದು ನಾಲ್ಕು ಒದೆತ ಒದೆಯುವಷ್ಟರಲ್ಲಿ ಎಡಗಾಲಿನ ಕೆಂಪು ಜಾರಿ ತೇಲುತ್ತ ಹೊರಟಿತು. ಊರಿನವರು ಮೈತುಂಬ ಬಟ್ಟೆ ತೊಟ್ಟೇ ಈಜುವ ಆ ದ್ವೀಪದಲ್ಲಿ ವಿದೇಶಿಯರಿಗೆಂದು ತೆಂಗಿನ ಗರಿಯ ತಡಿಕೆ ಕಟ್ಟಿದ ಬೇರೆ ದಡವಿದೆ. ಫಿನ್ ನೇರ ಅಲ್ಲಿಗೇ ಹೋಯಿತು. ಚೂಡಿದಾರದಲ್ಲಿದ್ದ ಮಹಾದೇವಿ ಮುಖ ಆಚೆ ತಿರುಗಿಸಿಕೊಂಡು, ಕೈ ಮಾತ್ರ ಮುಂದೆ ಚಾಚಿ ತಡಿಕೆಯ ಹತ್ತಿರ ಹೋದಳು. ಭಾರಿ ಹೊಟ್ಟೆಯ ಒಬ್ಬ ಬಿಳಿಯ ಮುದುಕ ಫಿನ್ನನ್ನು ತಲೆಗೆ ಟೊಪ್ಪಿಗೆಯಂತೆ ಇಟ್ಟುಕೊಂಡು ಬಂದು, ಬಗ್ಗಿ ನಮಸ್ಕರಿಸಿ ಕೊಟ್ಟ. ಅವಳೂ ಮುಖ ತಿರುಗಿಸಿಯೇ ಇದ್ದು ನಮಸ್ಕರಿಸಿದಳು.

ಆಯಿಷತ್ ಪೆಟ್ಟಿಗೆಯ ಪಕ್ಕ ಕೂತು ಸ್ವಲ್ಪ ಯೋಚಿಸಿದಳು. ಆಮೇಲೆ ಎಡಗಾಲಿಗೆ ನೀಲಿ, ಬಲಗಾಲಿಗೆ ಕೆಂಪು ತೊಡಿಸಿದಳು. ಒಂದೇ ಮಾದರಿ, ಅಳತೆ ಮಾತ್ರ ಬೇರೆ. ಹಿಮ್ಮಡಿ ಜಾರಲಿಲ್ಲ, ಬೆರಳು ಮಡಚಲಿಲ್ಲ, ಗಂಟು ನೋಯಲಿಲ್ಲ. ಕಟ್ಟೆಯ ಈ ತುದಿಯಿಂದ ಆ ತುದಿಗೆ ಈಜಿದೆ, ವಾಪಸು ಈಜಿದೆ, ಕರೆದರೂ ಬರದೆ ಇನ್ನೊಮ್ಮೆ ಈಜಿದೆ. ನೋಡಲು ಜಾತ್ರೆಯ ಬಫೂನಿನಂತೆ ಇದ್ದಿರಬೇಕು. ನನಗೆ ಮಾತ್ರ ಆರು ವರ್ಷದಲ್ಲಿ ಮೊದಲ ಬಾರಿ ಎರಡು ಕಾಲೂ ಒಂದೇ ಸಮನಾಗಿ ನನ್ನವಾಗಿದ್ದವು.

ಹಳದಿಯನ್ನು ಏನು ಮಾಡುವುದು ಎಂದು ಕೇಳಿದೆ. ಆಯಿಷತ್ ಅದನ್ನು ತೊಟ್ಟು ನೀರಿಗೆ ಹಾರಿದಳು, ಎರಡು ಒದೆತಕ್ಕೆ ನಾವು ನಿಂತಲ್ಲಿಂದ ಕಾಣದಾದಳು. ತಿರುಗಿ ಬಂದಾಗ ಅವಳ ಮುಖ ನೋಡಿ, ನೀನೇ ಇಟ್ಟುಕೋ ಎಂದೆ. ಅವಳು ನೀಲಿ ಕೆಂಪನ್ನು ನನ್ನ ಕಡೆ ತಳ್ಳಿದಳು.

ನಾಲ್ಕನೆಯ ಡೈವ್

ಮಧ್ಯಾಹ್ನ ಅದೇ ಗೋಡೆಗೆ ಹೋದೆವು. ಇಳಿಯುವ ಮೊದಲು ಮಹಾದೇವಿ, ನಿಮ್ಮ ಮುಂದೆ ಈಜುವುದಿಲ್ಲ, ಪಕ್ಕಕ್ಕೇ ಈಜುತ್ತೇನೆ, ಮೀನು ಬೇಕಿದ್ದರೆ ಅವೇ ಬರಲಿ ಎಂದು ನಿಯಮ ಮಾಡಿದಳು. ಬಂದವು. ನೂರಾರು ಹಳದಿ ಪಟ್ಟೆಯ ಮೀನುಗಳು ನಮ್ಮಿಬ್ಬರ ನಡುವೆಯೂ ದಾಟಿ ಹೋದವು, ನನ್ನನ್ನು ಕ್ಷಮಿಸಿದಂತೆ. ಮರಳಿನಿಂದ ಒಂದು ತೊರಕೆ ಮೀನು ಎದ್ದು ಸೀರೆಯ ಸೆರಗು ಹಾರಿದಂತೆ ಹಾರಿತು. ಅದರ ಸಾರು ಹೇಗಿರುತ್ತದೆಂಬುದು ನನಗೆ ಆ ಹೊತ್ತಿನಲ್ಲಿ ನಿಜಕ್ಕೂ ನೆನಪಾಗಲಿಲ್ಲ.

ಮೇಲೆ ಬರುವಾಗ ಐದು ಮೀಟರಿನಲ್ಲಿ ಮೂರು ನಿಮಿಷ ನಿಲ್ಲಬೇಕು, ಮೈಯ ಹಿತಕ್ಕಾಗಿ. ಅಲ್ಲಿ ಮಾಡುವ ಕೆಲಸ ಏನೂ ಇಲ್ಲ, ನೀರಿನಲ್ಲಿ ಸುಮ್ಮನೆ ತೂಗುತ್ತಿರುವುದೇ ಕೆಲಸ. ಆಯಿಷತ್ ನಮ್ಮೆದುರು ಗಡಿಯಾರ ಹಿಡಿದು ನಿಂತಳು. ನಾನು ಮಹಾದೇವಿಯನ್ನು ನೋಡಿದೆ. ಅವಳ ಜಡೆ ಬಿಚ್ಚಿ ತಲೆಯ ಮೇಲೆ ನೆಟ್ಟಗೆ ನಿಂತು ಆಡುತ್ತಿತ್ತು. ಅವಳು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು, ಕಾಲಿನ ಹತ್ತಿರ ಬಂದಾಗ ನಗಲು ಶುರು ಮಾಡಿದಳು. ನಕ್ಕರೆ ಕೆನ್ನೆ ಮೇಲೇರಿ ಮಾಸ್ಕಿಗೆ ನೀರು ನುಗ್ಗುತ್ತದೆ. ಅವಳ ಮಾಸ್ಕು ಅರ್ಧ ತುಂಬಿತು. ಅದನ್ನು ನೋಡಿ ನಾನೂ ನಕ್ಕೆ, ನನ್ನದೂ ತುಂಬಿತು. ಇಬ್ಬರೂ ಮೂಗಿನಿಂದ ಊದಿ ನೀರು ಹೊರಹಾಕಿದೆವು, ಒಬ್ಬರನ್ನೊಬ್ಬರು ನೋಡಿದೆವು, ಮತ್ತೆ ತುಂಬಿತು. ನಮ್ಮ ನಗು ಗುಳ್ಳೆಗಳಾಗಿ ಮೇಲೆ ಬೆಳಕಿನ ಕಡೆ ಹೋಗುತ್ತಲೇ ಇತ್ತು.

ಮೂರು ನಿಮಿಷ ಮುಗಿಯಿತು. ಆಯಿಷತ್ ಹೆಬ್ಬೆರಳು ಎತ್ತಿದಳು, ಮೇಲೆ ಹೋಗೋಣ.

ನಾನು ಎರಡು ಬೆರಳು ತೋರಿಸಿದೆ. ಇನ್ನೆರಡು ನಿಮಿಷ.

ಅವಳು ಹತ್ತಿರ ಬಂದು ನನ್ನ ಮೀಟರ್ ನೋಡಿದಳು, ಮಹಾದೇವಿಯದ್ದೂ ನೋಡಿದಳು. ಗಾಳಿ ಸಾಕಷ್ಟಿತ್ತು. ಹೆಬ್ಬೆರಳು ಮಡಚಿ, ತಾನೂ ನಮ್ಮ ಪಕ್ಕ ಬಂದು ತೂಗುತ್ತ ನಿಂತಳು.